ಕೊಡದ ನೀರು

ಪಾಲಿಕೆ ಸಭಾಭವನದ ತಂಪಿನ ಯಂತ್ರ
ನಲವತ್ತೊಂದು ವರ್ಷದ್ದು.
ಅದು ಸತ್ತೈತಿ ಅಂತ ಬರಿಯೂ ಕೆಲಸ ನಂಗ ಬಂತು.
ಜೂನಿಯರ್ ಇಂಜಿನಿಯರ್ ನಾನು, ಎರಡನೇ ವರ್ಷದಾಕಿ.
ಸತ್ತದ್ದನ್ನ ಸತ್ತೈತಿ ಅನ್ನಾಕ
ಐದು ಪ್ರತಿ ನಮೂನೆ ಬೇಕು.

ನೆಲಮನಿಯೊಳಗ ದಾವಲಸಾಬ ನದಾಫ
ಕಂಪ್ರೆಸರಿಗೆ ಕಿವಿ ಹಚ್ಚಿ ನಿಂತಿದ್ದ.
"ಸತ್ತಿಲ್ರೀ ಮೇಡಮ್ಮಾರ, ದಮ್ಮು ಹಿಡದೈತಿ ಅಷ್ಟ.
ನಮ್ಮಜ್ಜ ಹತ್ತಿ ಹಿಂಜಾಂವ.
ಬಿಲ್ಲಿನ ತಂತಿ ಟ್ವಂಯ್ ಅಂತಂದ್ರ
ಅರಳೆ ಹಸೀನೋ ಒಣಾನೋ ಹೇಳ್ತಿದ್ದ.
ಈ ಬೆಲ್ಟಿಂದೂ ಹಂಗ.
ಮೂರು ದಿನಾ ಆತು, ಅರಳೆ ಹಸೀ ಐತಿ."
ನಾನು ಬರದೆ: ಶಬ್ದ, ಮಿತಿಗಿಂತ ಹೆಚ್ಚು.

ಗಾಳಿ ಕೊಳವಿ ಬಿಚ್ಚಿದಿವಿ.
ಪಾರಿವಾಳದ ಗೂಡು ಎರಡು,
ನಾಟಕದವರದೊಂದು ಮೀಸಿ, ಅಂಟು ಒಣಗಿದ್ದು.
ಯಾರ ಮೂಗಿನ ಕೆಳಗಿಂದ ಹಾರಿ
ಇಷ್ಟು ದೂರ ಬಂತೋ.
ದಾವಲಸಾಬ ಅದನ್ನ ಕಿಸೇದಾಗ ಇಟಗೊಂಡ.
"ಹುಡುಕ್ಕೋಂತ ಬಂದ್ರ ಕೊಡೂಣು."

ಹುಬ್ಬಳ್ಳಿ ಬ್ಯಾಸಗಿ. ಮ್ಯಾಲ ಸಭಾದಾಗ
ನಿವೃತ್ತ ಹೆಡ್‌ಮಾಸ್ತರೊಬ್ಬರ ಸನ್ಮಾನ.
ಶಾಲು ಹೊಚ್ಚಿದವರು ಆಮಂತ್ರಣ ಪತ್ರಿಕೆಲೆ
ಗಾಳಿ ಹಾಕ್ಕೊಳ್ಳಾಕತ್ತಿದ್ರು.
ಶಾಲಿನೊಳಗಿದ್ದವರು ಏನೂ ಅನ್ನಲಿಲ್ಲ,
ಮೂರನೇ ಶಾಲಿಗೆ ಕಣ್ಣು ಮುಚ್ಚಿದ್ರು.
ನಾನು ಬರದೆ: ಸಾರ್ವಜನಿಕರಿಂದ ದೂರು.

ಅಂದಾಜು ಪತ್ರಿಕೆ ಚೊಲೋ ಬಂತು.
ಹೊಸಾ ಯಂತ್ರ ಗಾಳೀಲೇ ತಣ್ಣಗಾಗ್ತೈತಿ.
ಮಾಳಗಿ ಮ್ಯಾಲಿನ ನೀರಿನ ಗೋಪುರ ಬ್ಯಾಡ,
ದಿನಾ ಬರೂ ಟ್ಯಾಂಕರ್ ಬ್ಯಾಡ.
ಅನುಕೂಲಗಳು, ಕಲಂ ನಾಲ್ಕು:
ನೀರಿನ ಉಳಿತಾಯ, ದಿನವೊಂದಕ್ಕೆ ಆರು ಸಾವಿರ ಲೀಟರು.
ಸಾಹೇಬರು ಆ ಸಾಲಿನ ಕೆಳಗ
ಕೆಂಪು ಗೆರಿ ಎಳದು "ಉತ್ತಮ" ಅಂತ ಬರದ್ರು.
ಮನಿಗೆ ಹೋಗಿ ಅವ್ವಗ ತೋರಿಸಿದೆ.

ಮರುದಿನ ಸಂಜೀಕ
ಮರತು ಬಂದ ಅಳತಿ ಟೇಪು ತರಾಕ ಹೋದೆ.
ಹಿಂದಿನ ಗೇಟಿನಾಗ ಪಾಳಿ.
ಹಸರು ಕೊಡ, ನೀಲಿ ಕೊಡ, ತಾಮ್ರದ್ದೊಂದು,
ತಂತಿ ಹಿಡಿಕಿ ಹಚ್ಚಿದ ಎಣ್ಣಿ ಡಬ್ಬಿ.
ಟಾಕಿ ನೀರು ಗೋಪುರಕ್ಕ ಏರೂಕಿಂತ ಮೊದಲ
ದಾವಲಸಾಬ ಒಂದು ಪೈಪು ಓಣಿ ಕಡೆ ತಿರುವಿದ್ದ,
ಹನ್ನೊಂದು ವರ್ಷದಿಂದ.
ಮನಿಗೆ ಎರಡು ಕೊಡ. ಬಾಣಂತಿ ಇದ್ರ ಮೂರು.
ರಜಿಸ್ಟರಿನಾಗ ಅದರ ಹೆಸರು
"ಆವಿಯಾಗಿ ಹೋದದ್ದು."

ನನ್ನ ಕಂಡು ಪಾಳಿ ಗಪ್ಪಾತು.
ಫಕ್ಕೀರವ್ವ ಅನ್ನಾಕಿ ಅರ್ಧ ತುಂಬಿದ ಕೊಡಾ ಸರಿಸಿದ್ಳು,
ನೀರು ನೆಲಕ್ಕ ಬಿತ್ತು.
ಅದನ್ನ ನೋಡಾಕ ಆಗಲಿಲ್ಲ.
ನಾನೂ ಒಂಬತ್ತು ದಿನಕ್ಕೊಮ್ಮೆ ನಳಾ ಬರೂ ಓಣ್ಯಾಕೀನ.
"ಹಿಡೀರೀ, ಹಿಡೀರಿ" ಅಂದೆ.

"ಹೊಸಾದಕ್ಕ ನೀರ ಹತ್ತೂದಿಲ್ಲಂತಲ್ರೀ?"
ನೆಲಾ ನೋಡಿಕೋಂತ ಕೇಳಿದ ದಾವಲಸಾಬ.
ನಾನು ಯಂತ್ರದ ಬಗ್ಗೆ ಹೇಳಿದೆ.
ಬಾಳ ಹೊತ್ತು ಹೇಳಿದೆ.

ಕರಡು ತಿದ್ದಾಕ ಒಂದು ರಾತ್ರಿ ಇತ್ತು.
ಕಲಂ ನಾಲ್ಕು ಹಂಗ ಬಿಟ್ಟೆ, ಸುಳ್ಳಂತೂ ಅಲ್ಲ ಅದು.
ಕಲಂ ಹದಿನೇಳು ಹೊಸದಾಗಿ ಬರದೆ:
ಹಳೆಯ ಟಾಕಿಯನ್ನು ಅಗ್ನಿಶಾಮಕ ಉದ್ದೇಶಕ್ಕಾಗಿ
ಉಳಿಸಿಕೊಳ್ಳತಕ್ಕದ್ದು.
ಟ್ಯಾಂಕರು ವಾರಕ್ಕೆರಡು.
ಹಿಂಬದಿಯ ಗೋಡೆಗೆ ಒಂದು ನಳ,
ನೆಲದಿಂದ ಎರಡು ಅಡಿ.

ಹಳೇದನ್ನ ಶ್ರಾವಣದಾಗ ಗುಜರಿಯವರು
ತೂಕಕ್ಕ ಒಯ್ದರು.
ಹೊಸಾದು ಸಪ್ಪಳಾ ಮಾಡೂದಿಲ್ಲ.
ದಾವಲಸಾಬ ದಿನಾ ಮುಂಜಾನೆ ಅದಕ್ಕ ಕಿವಿ ಹಚ್ಚತಾನ,
"ಏನೂ ಅನ್ನವಲ್ದರೀ" ಅಂತಾನ,
ನಿವೃತ್ತಿಗೆ ಇನ್ನ ಎರಡು ವರ್ಷ ಐತಿ ಅವಗ.

ಮೊನ್ನೆ ಲೆಕ್ಕ ತಪಾಸಣೆಯವರ ಪತ್ರ ಬಂತು:
ಬೆಂಕಿ ಆರಿಸುವ ನಳ ಇಷ್ಟು ತಗ್ಗಿನಲ್ಲಿ ಏಕೆ?
ವರ್ಷದಲ್ಲಿ ಎಷ್ಟು ಸಲ ಬೆಂಕಿ ಬಿದ್ದಿದೆ?
ಏಳು ದಿನದೊಳಗೆ ಉತ್ತರಿಸುವುದು.

ಏಳು ದಿನ.
ನಮ್ಮ ಓಣ್ಯಾಗ ನಳಾ ಬರಾಕ
ಇನ್ನೂ ಎಂಟು ಅದಾವು.