ಕೈ ಕೊಡು

ಅವ್ವ ಹಿಮ್ಮಡಿ ತಿಕ್ಕುವ ಕಲ್ಲನ್ನು
ಬಚ್ಚಲಿನಿಂದ ಕದ್ದು ತಂದಿದ್ದೇನೆ.
ಬೆರಳ ಬುಡದಲ್ಲಿ ನಾಲ್ಕು ಜಡ್ಡು,
ಮೂರು ಹೆಸರುಕಾಳಿನಷ್ಟು, ಒಂದು ಕಡಲೆಯಷ್ಟು.
ಪೂರ್ತಿ ತೆಗೆಯಬಾರದು, ಪೂರ್ತಿ ಬಿಡಲೂಬಾರದು.
ಅಂಚು ಎದ್ದಿತೋ, ಬಂಡೆ ಅದನ್ನೇ ಹಿಡಿದು
ರೊಟ್ಟಿಯ ಮೇಲ್ಪದರ ಸುಲಿದಂತೆ ಸುಲಿಯುತ್ತದೆ.

ಹೋದ ವರ್ಷ ಸುಲಿದಿತ್ತು.
ಖಾರ ಮುಟ್ಟಲಾಗದೆ ಒಂಬತ್ತು ದಿನ
ಚಮಚೆಯಲ್ಲಿ ಉಂಡೆ. ಓಣಿಯೇ ನಕ್ಕಿತು.

ಜಂಬಣ್ಣ ಹೇಳುತ್ತಾನೆ:
"ಉಗುರು ಕತ್ತರಿಸು, ಉಂಗುರ ಬಿಚ್ಚಿಡು,
ಇಳಿದ ಮ್ಯಾಲೆ ಬಿಳಿ ಪುಡಿ ತೊಳಿ,
ಎಣ್ಣಿ ರಾತ್ರಿಗೆ, ಹಗಲು ಹಚ್ಚಬ್ಯಾಡ.
ಬೆರಳತುದಿ ಕೆಂಪಾದ್ರ ಸಾಕು, ಮನಿಗೆ ಹೋಗು,
ರಕ್ತ ಬರೋತನಕ ಕಾಯೋದು ಶೂರತನ ಅಲ್ಲ.
ಮತ್ತ, ಮೂರು ದಿನ ಕೈ ಒಣಗಿರಲಿ."

ಮೂರು ದಿನ!
ಎರಡನೇ ಬೆಳೆಯ ನಾಟಿ ಶುರುವಾಗಿ
ಗಂಗಾವತಿ ಸೀಮೆಯೆಲ್ಲ ಮೊಣಕಾಲುದ್ದ ನೀರಾಗಿರುವಾಗ
ಯಾರ ಕೈ ಒಣಗಿರುತ್ತದೆ, ಜಂಬಣ್ಣ?
ಮಧ್ಯಾಹ್ನಕ್ಕೆ ನನ್ನ ಬೆರಳು
ನೆನೆಸಿದ ಶೇಂಗಾದ ಹಾಗೆ ಉಬ್ಬಿ ಬಿಳಚಿ,
ಆ ಕೈ ಹೊತ್ತು ಸಂಜೆ ಸಾಣಾಪುರದ ಬಂಡೆಗೆ ಹೋದರೆ
ಅದು ತುರಿಮಣೆ, ನಾನು ಹಸಿ ಕೊಬ್ಬರಿ.

ಈ ಸಲ ಗುಂಪಿನ ಯಂಕೋಬನನ್ನು ಕೇಳಿದೆ:
ನಾಟಿ ಬೇಡ, ಸಸಿಯ ಸೂಡು ಹೊರುತ್ತೇನೆ.
ಅದು ಗಂಡಸರ ಕೆಲಸವಂತೆ.
ಕೈ ತೋರಿಸು ಅಂದ. ತೋರಿಸಿದೆ.
ಕಣಿ ಹೇಳುವವನಂತೆ ಬಹಳ ಹೊತ್ತು ನೋಡಿ
"ನಾಳೆ ಆರಕ್ಕ ಬಾ" ಅಂದ.
ಕೂಲಿ ಮಾತ್ರ ಹೆಂಗಸರದ್ದೇ.
ಸೂಡೂ ಹನಿಯುತ್ತದೆ, ಇಲ್ಲವೆನ್ನುವುದಿಲ್ಲ,
ಹನಿದರೆ ಕುತ್ತಿಗೆಗೆ.
ಕುತ್ತಿಗೆಯಿಂದ ಯಾರು ಬಂಡೆ ಹತ್ತುತ್ತಾರೆ?

ಕಲ್ಲು ಹುಡುಕುತ್ತ ಅವ್ವ ಬಂದಳು.
"ಕಲ್ಲಿಗೆ ಹೋಗಿ ಕೈ ಕೆಡಿಸ್ಕೊಂಡು
ಕಲ್ಲಿಲೇ ತಿಕ್ಕೋತಿಯೇನ?"
ಬೈಯುತ್ತಲೇ ಪಕ್ಕಕ್ಕೆ ಕುಕ್ಕರಿಸಿದಳು.

ಮೂವತ್ತೆಂಟು ವರ್ಷ ಕೆಸರಲ್ಲಿ ಅದ್ದಿದ ಬೆರಳು ಅವಳವು.
ರೇಷನ್ ಅಂಗಡಿಯ ಮಿಷನ್ನು
ಅವಳ ಹೆಬ್ಬೆಟ್ಟನ್ನು ಎಂದೋ ಮರೆತಿದೆ.
ಮೊನ್ನೆ "ನೀ ಒತ್ತು" ಎಂದು ನನ್ನನ್ನು ಮುಂದೆ ತಳ್ಳಿದಳು.
ಒತ್ತಿದೆ. ಕೆಂಪು ದೀಪ.
ಒರೆಸಿ ಒತ್ತಿದೆ. ಕೆಂಪು.
ಬೆರಳ ಗೆರೆಗಳನ್ನು ಯಾವ ಬಂಡೆಯ ಮೇಲೆ
ಬಿಟ್ಟು ಬಂದಿದ್ದೆನೋ.
ಸಾಲಿನಲ್ಲಿ ನಿಂತೇ ಅವ್ವ ನಕ್ಕಿದ್ದಳು,
ಚೀಲ ಖಾಲಿಯಿತ್ತು, ಆದರೂ.

ಈಗ ಹರಳೆಣ್ಣೆಯ ಬಟ್ಟಲು ಎಳೆದುಕೊಂಡು
"ಅಂಚು ಕಾಣವಲ್ದೇನ ನಿನಗ,
ಅಡ್ಡ ತಿಕ್ಕಬಾರ್ದು, ಸುತ್ತ ತಿಕ್ಕು.
ಕೈ ಕೊಡು ಇಲ್ಲಿ" ಅಂದಳು.

ಕೊಟ್ಟೆ.