ಮೇ ತಿಂಗಳ ಗೋರಿ

ಶರಾವತಿಯ ಹಿನ್ನೀರು ಇಳಿದಿದೆ. ಲಾಂಚಿನ ಕಟ್ಟೆಯಿಂದಾಚೆ
ಅರ್ಧ ಮೈಲಿ ಬಿರಿದ ಕೆಸರು;
ನನ್ನ ಎನ್‌ಸಿಸಿ ಹುಡುಗರು ಬೂಟು ಕೈಲಿ ಹಿಡಿದು ನಡೆದರು.

ವರ್ಷಕ್ಕೆ ಇಪ್ಪತ್ತು ದಿನ ಬಿಸಿಲು ಕಾಣುವ ಗೋರಿ.
ಲಾನ್ಸ್ ನಾಯಕ್ ಇನಾಸ,
ಒಂದು ಕಿವಿ ಬರ್ಮಾದಲ್ಲೇ ಬಿಟ್ಟು ಬಂದವನು.
ಶಿಲುಬೆಯ ಕೈ ಮುರಿದಲ್ಲಿ
ಬಸವನಹುಳದ ಚಿಪ್ಪು.

ಸಿಂಚನಾ ಹೆಂಟೆ ಒಡೆದು ಬಾವುಟ ನೆಟ್ಟಳು.
‘ಸರ್, ಅವರು ಕಾದಿದ್ದು ಈ ಬಾವುಟಕ್ಕಲ್ಲ, ಅಲ್ವಾ?’
ಶಮಂತ ಕೇಳಿದ.

ಅಲ್ಲ, ಎಂದೆ. ಹದಿನೆಂಟು ರೂಪಾಯಿ ಸಂಬಳಕ್ಕೆ,
ತಂಗಿಯ ಮದುವೆಗೆ.
ಆಮೇಲೆ ಊರೆಲ್ಲ ಲಾರಿ ಹತ್ತಿತು;
ಸತ್ತವರಿಗೆ ಯಾರೂ ಪರಿಹಾರ ಬರೆಯಲಿಲ್ಲ.

ಸೆಲ್ಯೂಟ್ ಆಯಿತು. ಮುಂಗಾರಿಗೆ ಹನ್ನೆರಡು ದಿನ.
ಬಾವುಟ ನೀರೊಳಗೆ ಹೋಗಬಾರದು.
‘ಕಿತ್ತು ತರಲು ಯಾರು ಬರ್ತೀರಿ?’

ದಡದಲ್ಲಿ ಎಲ್ಲರೂ ಲೇಸು ಕಟ್ಟುತ್ತಿದ್ದರು.
ಶಮಂತ ಕೈ ಎತ್ತಿದ,
ಅರ್ಧ.