ಅಡುಗೆಯವಳ ಪರವಾನಗಿ

ಮೂವತ್ತೊಂಬತ್ತರ ಮಾರ್ಚಿ. ಕೇಂಬ್ರಿಡ್ಜಿನಲ್ಲಿ ಆ ವಾರ
ನದಿಗೆ ಬೂದಿಯ ಬಣ್ಣ, ನನ್ನ ಮಂಡಿಗೆ ಹಳೆಯ ನೋವು.
ಕದ ತೆರೆದರೆ ಇಬ್ಬರು, ನಡುವೆ ಒಂದೇ ಪೆಟ್ಟಿಗೆ.
ಅವರು ಟೋಪಿ ತೆಗೆದರು. ಅವಳು ಕಾಗದ ಚಾಚಿದಳು:
ಡಾಕ್ಟರ್ ಆರ್ನೋ ಲಿಂಡೌವರ್, ಹಳೆಯ ಭಾಷೆಗಳ ಪಂಡಿತರು,
ಕಾಲೇಜು ಒಂದು ವರ್ಷದ ಮಟ್ಟಿಗೆ ಕರೆಸಿಕೊಂಡಿದೆ.
ಮಾರ್ಗಿಟ್ ಲಿಂಡೌವರ್, ಅಡುಗೆಯವಳು.

ಅಡುಗೆಯವಳಂತೆ!
ಮೊಟ್ಟೆ ಒಡೆಯಲು ಬಾರದ ಕೈ.
ಆದರೆ ಹಿಟ್ಟು ತೂಗುವುದನ್ನು ನೋಡಬೇಕಿತ್ತು,
ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು
ಗುಲಗಂಜಿಯಷ್ಟೂ ಆಚೀಚೆಯಾಗದಂತೆ.
ಚಿಟಿಕೆ ಉಪ್ಪು ಎಂದರೆ, ಎಷ್ಟು ಗ್ರಾಮು ಎಂದು ಕೇಳುವಳು.
ಪುಡ್ಡಿಂಗು ಮಾತ್ರ ಕಲ್ಲು.
ನಾನು ತಿಂದೆ. ಮೇಲಿನ ಬಾಡಿಗೆಯ ಹುಡುಗ ಕಿಟಕಿಯಾಚೆ ಎಸೆದ,
ಬಾತುಗಳು ಮೂಸಿ ಬಿಟ್ಟವು.

ಒಂದು ಸಂಜೆ ಪಾತ್ರೆ ಒರೆಸುತ್ತ ಕೇಳಿದೆ:
"ನಿಜಕ್ಕೂ ನೀನು ಏನು, ಮಾರ್ಗಿಟ್?"
ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.
"ಲೋಹಗಳು. ಚಳಿಯಲ್ಲಿ ಅವು ಹೇಗೆ ಬಿರಿಯುತ್ತವೆ ಅಂತ.
ಬ್ರೆಸ್ಲಾವಿನ ಪ್ರಯೋಗಶಾಲೆಯ ಬೀಗದ ಕೈ ನನ್ನ ಹತ್ತಿರವೇ ಇತ್ತು.
ಒಂದು ಬೆಳಗ್ಗೆ ತಿರುಗಲಿಲ್ಲ. ಬೀಗ ಬದಲಾಗಿತ್ತು."
ಏಪ್ರನ್ನಿನ ಜೇಬಿನಿಂದ ತೆಗೆದು ತೋರಿಸಿದಳು
ಯಾವ ಬಾಗಿಲಿಗೂ ಸಲ್ಲದ ಹಿತ್ತಾಳೆಯ ತುಂಡು.

ಡಾಕ್ಟರದು ಚೀಟಿಗಳ ಲೋಕ.
ಸತ್ತ ಭಾಷೆಯೊಂದರ ನಿಘಂಟು, ಹನ್ನೆರಡು ವರ್ಷದ ದುಡಿತ.
ಗಡಿಯಲ್ಲಿ ಸುಂಕದವನು ಪೆಟ್ಟಿಗೆ ಬೋರಲು ಹಾಕಿದಾಗ
ಅರ್ಧದಷ್ಟು ರೈಲು ಹಳಿಯ ಮೇಲೆ ಹಾರಿಹೋದವಂತೆ.
ಉಳಿದದ್ದು ಕುರಿ, ಕುಂಬಾರ, ಬಾರ್ಲಿ, ಸಾಲ, ಸೇತುವೆ.
ಹೋದದ್ದು ಯಾವುವೆಂದು ನಾನು ಕೇಳಲಿಲ್ಲ.
ಗ್ರಂಥಾಲಯದಲ್ಲಿ ಮೇಜು ಸಿಕ್ಕ ದಿನ ಮನೆಗೆ ಬಂದು,
"ನೀನು ಯಾರು ಅಂತ ಒಬ್ಬರೂ ಕೇಳಲಿಲ್ಲ, ಮಿಸೆಸ್ ಥೋರ್ಲಿ.
ಯಾವ ಪುಸ್ತಕ ಬೇಕು ಅಂತ ಕೇಳಿದರು" ಎಂದು
ಮೆಟ್ಟಿಲ ಮೇಲೇ ಕೂತು ಅತ್ತರು, ಕೋಟು ಕೂಡ ಬಿಚ್ಚದೆ.

ಮರುವರ್ಷ ಮೇ ತಿಂಗಳು ಪೋಲೀಸಿನವನು ಬಂದ,
ಎಳೆತನದಲ್ಲಿ ನನ್ನ ಪ್ಲಮ್ಮು ಕದ್ದ ವೈಬ್ರೋ.
"ಶತ್ರುದೇಶದವರು," ಅಂದ, ನೆಲ ನೋಡುತ್ತ.
"ಅವರ ಶತ್ರುವೂ ನಮ್ಮ ಶತ್ರುವೂ ಒಬ್ಬನೇ ಅಲ್ಲವೇನೋ?"
"ಮೇಲಿನ ಆಜ್ಞೆ."
ಡಾಕ್ಟರ್ ಪೆನ್ಸಿಲು ಹೆರೆದು ಜೇಬಿಗಿಟ್ಟು ಹೊರಟರು.
ದ್ವೀಪದಲ್ಲಿ ಏಳು ತಿಂಗಳು, ಮುಳ್ಳುತಂತಿಯ ಒಳಗೆ.
ಪತ್ರಕ್ಕೆ ಇಪ್ಪತ್ತನಾಲ್ಕು ಸಾಲು ಮಿತಿ, ಪ್ರತಿ ಪತ್ರದ ಕೊನೆಗೆ
ನೆನಪಿಗೆ ಬಂದ ಒಂದು ಪದ, ಅದರ ಅರ್ಥ.
ಹಿಟ್ಟಿನ ಪೊಟ್ಟಣ ಕತ್ತರಿಸಿ ಚೀಟಿ ಮಾಡಿ ಮಾರ್ಗಿಟ್ ಬರೆದಿಡುವಳು.
ಆ ಚಳಿಗಾಲ ನನ್ನ ಅಡುಗೆಮನೆಯಲ್ಲಿ
ಹಿಟ್ಟಿಗಿಂತ ಪೊಟ್ಟಣಕ್ಕೇ ಬೆಲೆ.
(ಅವಳ ತಂಗಿಯ ಪತ್ರ ಬರುವುದು ಆಗಲೇ ನಿಂತಿತ್ತು.
ಅದರ ಮಾತು ನಾವು ಎತ್ತಲಿಲ್ಲ.)

ನಲವತ್ತಮೂರರ ಹಿಮದಲ್ಲಿ ಒಬ್ಬ ಸೈಕಲ್ಲಿನಿಂದಿಳಿದ,
ಪ್ಯಾಂಟಿಗೆ ಹಾಕಿದ ಕ್ಲಿಪ್ಪು ತೆಗೆಯುವುದನ್ನೂ ಮರೆತವನು.
ಉತ್ತರದ ಸಮುದ್ರದಲ್ಲಿ ಯಾವುದೋ ಹಡಗು
ಗುಂಡು ತಾಗದೆಯೇ, ಬರಿಯ ಚಳಿಗೆ ಸೀಳಿತ್ತಂತೆ.
"ಡಾಕ್ಟರ್ ಲಿಂಡೌವರ್ ಇದ್ದಾರೆಯೇ?"
"ಗ್ರಂಥಾಲಯದಲ್ಲಿದ್ದಾರೆ, ಐದಕ್ಕೆ ಬರುತ್ತಾರೆ."
"ಅವರಲ್ಲ," ಅಂದ.

ಅಡುಗೆಮನೆಯಿಂದ ಅವರು ಹೊರಗೆ ಬಂದರು,
ಮೊಣಕೈವರೆಗೆ ಹಿಟ್ಟು.
ನಿಂತಲ್ಲೇ ಮೂರು ಪ್ರಶ್ನೆ ಕೇಳಿದರು, ನನಗೊಂದೂ ತಿಳಿಯಲಿಲ್ಲ.
ಆತ ಮೂರಕ್ಕೂ ತಲೆದೂಗಿದ.
ಕೈ ತೊಳೆದು, ಏಪ್ರನ್ನು ಮೊಳೆಗೆ ತಗುಲಿಸಿ,
"ಒಲೆಯಲ್ಲಿ ಪುಡ್ಡಿಂಗಿದೆ, ಇನ್ನೂ ಹತ್ತು ನಿಮಿಷ" ಎಂದು
ಹಿಮದಲ್ಲಿ ನಡೆದುಬಿಟ್ಟರು ಡಾಕ್ಟರು.

ಹೊರಗೆ ತೆಗೆದೆ. ಮೊದಲ ಸಲ ಉಬ್ಬಿತ್ತು.

ಸೋಮವಾರ ಒಗೆಯಲೆಂದು ಏಪ್ರನ್ನು ಕೈಗೆತ್ತಿಕೊಂಡೆ.
ಜೇಬಿನಲ್ಲಿ ಆ ಭಾರ ಇನ್ನೂ ಇತ್ತು.
ಒಗೆಯದೆ ಹಾಗೇ ಮೊಳೆಗೆ ಹಾಕಿದೆ.